ಯಮನೂರಮ್ಮ ತೊಳೆದ ಕಲ್ಲು

ಅಂಬಿಗರ ಯಮನೂರಮ್ಮ ದಢೇಸುಗೂರಿನ ಆಚೆಯ ಕೆರೆದಂಡೆಯಲ್ಲೇ ಹುಟ್ಟಿ, ಅದೇ ದಂಡೆಯ ದುರುಗಪ್ಪನನ್ನು ಮದುವೆಯಾದವಳು. ಕಾಲುವೆ ತೋಡುವ ಯಂತ್ರಗಳಿಗೆ ಎಣ್ಣೆ ತರುತ್ತಿದ್ದ ಟ್ಯಾಂಕರು ಒಂದು ಮಳೆಗಾಲ ಕೆರೆಗೆ ಉರುಳಿತು. ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲಿದವು. ದಂಡೆಯ ಕಲ್ಲುಗಳಿಗೆ ಕರಿ ಜಿಡ್ಡು ಹತ್ತಿತು. ದುರುಗಪ್ಪ ಬಲೆಯನ್ನು ಸೂರಿಗೆ ಸಿಕ್ಕಿಸಿ ಮಣ್ಣು ಹೊರಲು ಹೋದ.

ಅಂದಿನಿಂದ ಪ್ರತಿ ದೀಪಾವಳಿ ಮುಗಿದ ಮೇಲೆ ಸಿಂಧನೂರಿನ ಫೋಟೋದ ಗೌಸ್‌ಸಾಬ್ ಮೂರು ಕಾಲಿನ ಕ್ಯಾಮೆರಾ ಹೊತ್ತು ಬರುತ್ತಿದ್ದ. ಅದೇ ಬಟ್ಟೆ ಒಗೆಯುವ ಚಪ್ಪಡಿ, ಅದೇ ಮಗ್ಗುಲು. ವರ್ಷ ವರ್ಷದ ಫೋಟೋಗಳನ್ನು ಜೋಡಿಸಿಟ್ಟು, ದಂಡೆಗೆ ಜೀವ ಮರಳಿತೇ ಎಂದು ಲಿಂಗಸುಗೂರಿನ ಮೀನುಗಾರಿಕೆ ಇಲಾಖೆಯ ಸಾಹೇಬರು ನೋಡುತ್ತಿದ್ದರು. ಐದನೆಯ ವರ್ಷ ಸುದ್ದಿ ಬಂತು: ಈ ಸಲವೂ ಫೋಟೋ ಚೆಂದ ಬರದಿದ್ದರೆ ಕೆರೆ ಮುಚ್ಚಿ ಗದ್ದೆ ಮಾಡುತ್ತಾರೆ.

ಫೋಟೋ ಎಂದರೆ ಯಮನೂರಮ್ಮನಿಗೆ ಗೊತ್ತಿದ್ದದ್ದು ಒಂದೇ. ಮದುವೆಯಲ್ಲಿ ಅವಳ ಮುಖ ತೊಳೆದು, ತಲೆ ಬಾಚಿ, ಹೂ ಮುಡಿಸಿ ಕ್ಯಾಮೆರಾದ ಮುಂದೆ ನಿಲ್ಲಿಸಿದ್ದರು. ಗೌಸ್‌ಸಾಬ್ ಬರುವ ದಿನ ಬೆಳಿಗ್ಗೆ ನಾರು, ಬೂದಿ ಹಿಡಿದು ಚಪ್ಪಡಿಯನ್ನು ತಿಕ್ಕಿ ತಿಕ್ಕಿ ತೊಳೆದಳು. ಅಂಚಿಗೆ ಅರಿಶಿನ, ಕುಂಕುಮ ಇಟ್ಟಳು.

"ಇದೇನ ಯಕ್ಕಾ, ಕಲ್ಲು ನೋಡಾಕ ವರನ ಕಡ್ಯಾರು ಬರ್ತಾರೇನಬೇ?" ಗೌಸ್‌ಸಾಬ್ ನಕ್ಕ.

"ಚೆಂದ ಬರಲಿ ಅಂತ ತೊಳದೀನ್ರೀ. ಹಸರ ಪಾಚಿ ಹಿಡದಿತ್ತು. ಜ್ವಾಳದ ಕಾಳಿನಂಥ ಬಸವನಹುಳ ಬ್ಯಾರೆ. ಎಲ್ಲಾ ಕೆರದು ಹಾಕೀನಿ."

ಅವನ ನಗು ನಿಂತಿತು. "ಹುಳ ಇದ್ದುವಾ? ಯಾ ಅಲ್ಲಾ! ಅವನ್ನ ಹುಡುಕ್ಕೊಂತನ ಇಷ್ಟು ವರ್ಷ ಬರಾಕತ್ತೀನಿ ನಾ. ಕೆರಿಗೆ ಜೀವ ಬಂತು ಅನ್ನಾಕ ಸಾಹೇಬ್ರಿಗೆ ಬೇಕಾಗಿದ್ದು ಅವ!"

ಅವಳಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಸೀರೆ ಎತ್ತಿಕಟ್ಟದೆಯೇ ನೀರಿಗೆ ಇಳಿದು ಕೆಸರನ್ನು ಬಾಚಿದಳು. ಒಡೆದ ಚಿಪ್ಪುಗಳು ಕೈಗೆ ಬಂದವು.

"ಇವನ್ನ ಅಂಟಸ್ತೀನಿ, ಫೋಟೋ ತಗೀರಿ."

"ಸತ್ತಾವಬೇ. ಸಾಹೇಬ್ರು ಭೂತಗನ್ನಡಿ ಹಿಡದು ನೋಡ್ತಾರ."

"ಆ ಕಡೆ ಕಲ್ಲಿಂದು ತಗೀರಿ ಹಂಗಾರ."

"ಬ್ಯಾರೆ ಕಲ್ಲು ನಡಿಯಂಗಿಲ್ಲ. ಮುಂದಿನ ತಿಂಗಳ ಬರಾಕೂ ಆಗಂಗಿಲ್ಲ. ನಾಳೆ ಲಿಂಗಸುಗೂರಾಗ ಸಾಹೇಬ್ರ ಕೈಯಾಗ ಇಡಬೇಕು."

ಗೌಸ್‌ಸಾಬ್ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದ. ಬಟ್ಟೆಯೊಳಗಿಂದಲೇ ಕಂಡಿತು: ಯಮನೂರಮ್ಮ ಚಪ್ಪಡಿಯ ಮೇಲೆ ಬೋರಲು ಬಿದ್ದು, ಎರಡೂ ಕೈಗಳಿಂದ ಅಂಚು ಹಿಡಿದುಕೊಂಡಿದ್ದಳು.

"ಏಳಬೇ ಯಕ್ಕಾ."

"ಅವು ತಿರುಗಿ ಬರೂತನಕ ಏಳಂಗಿಲ್ರೀ."

"ಫೋಟೋ ಹೋಗದಿದ್ರೂ ಬರಿದು ಅಂತನ ಬರಕೋತಾರ."

ಅವಳು ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದಳು. ಅವನು ಹತ್ತಬೇಕಾದ, ಸಿಂಧನೂರಿನ ಕಡೆ ಹೋಗುವ ಬಸ್ಸಿನ ಹಾರ್ನು ಕೇಳಿಸಿತು. ಗೌಸ್‌ಸಾಬ್ ಅವಳ ತೋಳು ಹಿಡಿಯಲು ಬಗ್ಗಿದ; ಹಿಡಿಯಲಾರದೆ, ಅಲ್ಲೇ ನೀರಿನ ಅಂಚಿಗೆ ಕುಳಿತುಬಿಟ್ಟ.