ಯಾವ ಎದಿ?

ಹವಳಗಾ ಊರಿಗೆ ಕೊಟ್ಟ ಮಗಳಿಗೆ ಮೊಲೆಯ ಕ್ಯಾನ್ಸರ್ ಆದಾಗ ಆಳಂದಕ್ಕೆ, ನನ್ನ ಹತ್ತಿರ ಕರೆತಂದೆ. ಮೂರು ವಾರಕ್ಕೊಮ್ಮೆ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಕೀಮೋ ಹಾಕಿಸುತ್ತಿದ್ದೆವು. ಕುಂಕುಮ ಕಲಸಿದ ನೀರಿನಂಥ ಕೆಂಪು ಔಷಧ. ಇದು ಎದೆಗೂ ಪೆಟ್ಟು ಕೊಡಬಹುದು, ಏನಾದರೂ ಆದರೆ ಹೇಳಿ ಎಂದು ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು.

ನಮ್ಮ ಕಡೆ ಮೊಲೆಯೂ ಎದಿ, ಒಳಗೆ ಬಡಿಯುವುದೂ ಎದಿ. ಗಂಟಿರುವ ಎದೆಗೆ ಪೆಟ್ಟು ಬೀಳಲಿ ಎಂದೇ ಅಲ್ಲವೇ ಬಂದದ್ದು ಎಂದುಕೊಂಡೆ.

ಆಮೇಲೆ ಅಳಿಯ ಒಂದು ಡಬ್ಬಿ ತಂದ. ಆಂಟಿಆಕ್ಸಿಡೆಂಟ್ ಗುಳಿಗೆಯಂತೆ, ಕೀಮೋದಿಂದ ಎದಿ ಕಾಯುತ್ತವಂತೆ. ಮೊಲೆ ತೆಗೆಯುವುದು ತಪ್ಪೀತು ಎಂದು ದಿನಕ್ಕೆರಡು ನುಂಗಿಸಿದೆ. ಡಾಕ್ಟರಿಗೆ ಹೇಳಲಿಲ್ಲ.

ಎದಿ ತ್ರಾಸ ಕೊಡುತ್ತದೆಯೇ ಎಂದು ನರ್ಸು ಪ್ರತಿ ಸಲ ಕೇಳುತ್ತಿದ್ದಳು. ಮಗಳು ಸೆರಗಿನ ಮೇಲೆ ಕೈಯಿಟ್ಟು ನೋಡಿಕೊಂಡು, ಇಲ್ಲ, ಗಂಟು ಕರಗಿದೆ ಎನ್ನುತ್ತಿದ್ದಳು. ಮನೆಯಲ್ಲಿ ಮಾತ್ರ ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂರುತ್ತಿದ್ದಳು. ಕೀಮೋ ಅಂದರೆ ಹೀಗೇ ಎಂದು ನಾನೇ ಸುಮ್ಮನಾಗಿಸಿದೆ.

ನಾಲ್ಕನೆಯ ಸಲ ಡಾಕ್ಟರಮ್ಮ ಅವಳ ಬಾತ ಕಾಲು ನೋಡಿ ಎಕೋ ಪರೀಕ್ಷೆ ಮಾಡಿಸಿದರು. ಹೃದಯ ಸೋತಿತ್ತು. ಮನೆಯಲ್ಲಿ ಬೇರೇನಾದರೂ ಕೊಡುತ್ತಿದ್ದೀರಾ ಎಂದು ಅವರು ಕೇಳಿದಾಗ ಚೀಲದಿಂದ ಡಬ್ಬಿ ತೆಗೆದಿಟ್ಟೆ.

"ಎದಿ ಕಾಯ್ತಾವ ಅಂದ್ರು, ಕೊಟ್ಟೇನ್ರಿ."

"ಯಾವ ಎದಿ, ಅವ್ವಾ? ಹೃದಯ ಕಾಯ್ತಾವ ಅಂತ ಇನ್ನೂ ಪಕ್ಕಾ ಆಗಿಲ್ಲ. ಕೀಮೋದಿಂದ ಗಂಟನ್ನೂ ಕಾದ್ರ ಏನ್ ಮಾಡ್ತಿ?"

ಹೃದಯಕ್ಕೆ ಪೆಟ್ಟು ಕೊಟ್ಟದ್ದು ಕೆಂಪು ಔಷಧ, ಗುಳಿಗೆಯಲ್ಲ ಎಂದು ಅವರೇ ಬಿಡಿಸಿ ಹೇಳಿದರು. ಆದರೆ ಉಸಿರಿನ ಸುದ್ದಿ ಮೊದಲೇ ತಿಳಿದಿದ್ದರೆ ಆ ಔಷಧ ಅಂದೇ ನಿಲ್ಲುತ್ತಿತ್ತು. ಅದನ್ನು ನಿಲ್ಲಿಸಿ ಬೇರೆ ಔಷಧ ಶುರು ಮಾಡಿದರು, ಹೃದಯಕ್ಕೂ ಗುಳಿಗೆ ಬರೆದರು. ಸ್ವಲ್ಪ ಸುಧಾರಿಸಿದೆ. ಪೂರಾ ಮೊದಲಿನಂತೆ ಆಗುವುದು ಕಷ್ಟ ಎಂದಿದ್ದಾರೆ.

ಮುಂದಿನ ಸಲ ನರ್ಸು ಮತ್ತೆ ಅದನ್ನೇ ಕೇಳಿದಳು. ನಾನು ತಡೆದೆ.

"ಎದಿ ಅನ್ನಬ್ಯಾಡ ಬೇ. ನಡದ್ರ ದಮ್ಮು ಹತ್ತತದೇನು, ಮಲಗಿದ್ರ ಉಸಿರು ಕಟ್ಟತದೇನು, ಹಂಗ ಕೇಳು."

ಅವಳು ಹಾಗೆಯೇ ಕೇಳಿದಳು. ಹೌದ್ರಿ, ಇನ್ನೂ ಸ್ವಲ್ಪ ಹತ್ತತದ ಎಂದಳು ಮಗಳು. ಹಿಂದೆಯೂ ಅವಳು ಸುಳ್ಳು ಹೇಳಿರಲಿಲ್ಲ.