ಅವ್ವನಿಗೆ ತೆಲುಗು ಬರುವುದಿಲ್ಲ ಅಂದುಕೊಂಡಿದ್ದೆ

ನನ್ನದು ಮೊದಲಿನಿಂದಲೂ ಹಟದ ಸ್ವಭಾವ. ತೆಲುಗು ಸೀಮೆಯ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹೃದಯದ ಗುಳಿಗೆ ತಯಾರಿಸಿದವನು. ಕೆಟ್ಟದ್ದಕ್ಕೆಲ್ಲ ಎಲ್ಲೋ ಒಂದು ಮದ್ದು ಇದ್ದೇ ಇರುತ್ತದೆಂದು ನಂಬಿದ್ದೆ. ಎಂಬತ್ತೆರಡರ ಅವ್ವನನ್ನು ಆ ವರ್ಷ ಮೂರನೇ ಸಲ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರ ಮುಖ ನೋಡಿಯೂ ಇದಕ್ಕೆ ಮದ್ದಿಲ್ಲವೆಂದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲ ಅಂದರೆ ಸುಳ್ಳು. ತಿಳಿದುಕೊಳ್ಳಲು ಮನಸ್ಸಿರಲಿಲ್ಲ.

ನಮ್ಮಲ್ಲೊಂದು ರೂಢಿ. ಬೀದರ ಕಡೆಯ ಕನ್ನಡ ಮನೆಯೊಳಗೆ, ತೆಲುಗು ಹೊಸ್ತಿಲಾಚೆ. ಅವ್ವನ ಕಿವಿಗೆ ಬೀಳಬಾರದ ಮಾತಿದ್ದರೆ ನಾನೂ ಹೆಂಡತಿಯೂ ಅವಳೆದುರಿಗೇ ತೆಲುಗಿನಲ್ಲಿ ಆಡಿ ಮುಗಿಸುತ್ತಿದ್ದೆವು. ಅಂದೂ ಅಷ್ಟೇ. ಅವ್ವ ಕಣ್ಣು ಮುಚ್ಚಿ ಮಲಗಿದ್ದಳು. ಮಂಚದ ಪಕ್ಕದಲ್ಲೇ ನಿಂತು ಡಾಕ್ಟರು ತೆಲುಗಿನಲ್ಲಿ ಹೇಳಿದರು: ಹೃದಯದ ವಾಲ್ವ್ ಬದಲಿಸಬಹುದು, ಆದರೆ ಕಿಡ್ನಿ, ಶ್ವಾಸಕೋಶ ಅದನ್ನು ತಾಳುವುದಿಲ್ಲ; ಆಮೇಲೆ ಉಸಿರಿನ ಯಂತ್ರದಿಂದ ಬಿಡಿಸುವುದು ಕಷ್ಟ. ಏನಾದರಾಗಲಿ ಮಾಡಿಬಿಡಿ ಎಂದೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕಲು ಪೆನ್ನು ಕೇಳಿ ತೆಗೆದುಕೊಂಡೆ.

ಅವ್ವ ಕಣ್ಣು ತೆರೆದಳು. ಡಾಕ್ಟರನ್ನೇ ನೋಡಿ, ಒಂದಿಷ್ಟೂ ತಡವರಿಸದೆ, ತೆಲುಗಿನಲ್ಲಿ ಕೇಳಿದಳು: ಇದನ್ನು ಮಾಡಿಸಿಕೊಂಡರೆ ನಾನು ಎದ್ದು ನನ್ನ ಚಹಾ ನಾನೇ ಮಾಡಿಕೊಳ್ಳುತ್ತೇನೇನು?

ಇಲ್ಲಮ್ಮಾ ಎಂದರು ಡಾಕ್ಟರು.

"ಇಂಟಿಕಿ ಪಂಪಿಂಚಂಡಿ ಸಾರ್" ಎಂದಳು ಅವ್ವ. ಮನೆಗೆ ಕಳಿಸಿಬಿಡಿ.

"ಅವ್ವಾ, ನಿನಗ ತೆಲುಗು..."

"ಹನ್ನೆರಡು ವರ್ಷ ಆತು ಮಿಯಾಪುರಕ್ಕ ಬಂದು. ಕಾಯಿಪಲ್ಲೆ ಗಾಡಿ ಬಂದಾಗ ಕೆಳಗ ನಿಂತು ನಾ ಯಾವ ಭಾಷಾದಾಗ ಮಾತಾಡತಿದ್ದೆ ಅಂತ ತಿಳದಿದ್ದಿ, ಹುಚ್ಚಪ್ಪಾ? ನೀವಿಬ್ಬರೂ ಆಡಿದ್ದೆಲ್ಲಾ ಕೇಳೀನಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳ ಔಷಧಿಯ ಖರ್ಚಿಗೆ ನಮ್ಮ ಗೊಣಗಾಟ, ಅವಳ ಕೆಮ್ಮಿನ ಬಗ್ಗೆ ನಮ್ಮ ಬೇಸರ, ಎಲ್ಲವನ್ನೂ ಕೇಳಿಸಿಕೊಂಡೂ ಅವಳು ಒಂದು ದಿನವೂ ಎತ್ತಿ ಆಡಿರಲಿಲ್ಲ.

"ಇದು ನನಗ ಅಲ್ಲೋ ತಮ್ಮಾ," ಎಂದಳು, ಮೆಲ್ಲಗೆ. "ನಿನ್ನ ಅಂಜಿಕಿಗಿ ಆಪರೇಷನ್ ಮಾಡಸಾಕತ್ತಿ."

ಪೆನ್ನು ವಾಪಸು ಕೊಟ್ಟೆ. ಡಾಕ್ಟರು ಉಸಿರು ಹಗುರಾಗಲು ಔಷಧಿ ಬರೆದುಕೊಟ್ಟರು, ಕೊಡುವ ರೀತಿ ತಿಳಿಸಿದರು, ಮುಂದೇನಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಮನೆಯಲ್ಲಿ ಅವಳು ಮೂರು ವಾರ ಇದ್ದಳು. ಬಾಲ್ಕನಿಯಲ್ಲಿ ದಿಂಬಿಗೊರಗಿ ಕೂತು, ಮೆಟ್ರೋದಿಂದ ಇಳಿದು ಬರುವ ಜನರನ್ನು ನೋಡುತ್ತ, ಪಕ್ಕದ ಮನೆಯವರ ಜೊತೆ ತೆಲುಗಿನಲ್ಲಿ ನಗುತ್ತ. ಸಾವು ಬರುತ್ತದೆಂದು ಗೊತ್ತಿದ್ದೂ ಇಷ್ಟು ನಿರಾಳವಾಗಿ ಕೂತವರನ್ನು ನಾನು ಕಂಡಿರಲಿಲ್ಲ.

ಒಂದು ಮಧ್ಯಾಹ್ನ ಉಸಿರು ಭಾರವಾಯಿತು. ಡಾಕ್ಟರು ಹೇಳಿದ್ದ ಔಷಧಿ ಕೊಟ್ಟೆವು. ಎಲ್ಲ ಗೊತ್ತಿದ್ದೂ ನಾನು ಆಂಬುಲೆನ್ಸಿಗೆ ಫೋನ್ ಎತ್ತಿಕೊಂಡೆ. ಅವ್ವ ನೋಡಿದಳು.

"ಫೋನ್ ಇಡು. ಕೈ ಹಿಡಿ."

ಇಟ್ಟೆ. ಹಿಡಿದೆ. ಅವಳ ಉಸಿರು ನಿಲ್ಲುವವರೆಗೂ ಬಿಡಲಿಲ್ಲ.