ಬಾಗಿಲಾಚೆಯ ನಗು

ಟಾಕೀಸಿನಲ್ಲಿ ಎಲ್ಲರೂ ಅವಳನ್ನು ಟಾರ್ಚಮ್ಮ ಅಂತಲೇ ಕರೆಯುವುದು. ಕತ್ತಲೆಯಲ್ಲಿ ಜನರನ್ನು ಅವರವರ ಸೀಟಿಗೆ ಮುಟ್ಟಿಸಿ, ಬಾಗಿಲು ಮುಚ್ಚಿ, ಹೊರಗಿನ ಸ್ಟೂಲಿನ ಮೇಲೆ ಕೂರುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಹಾಗಾಗಿ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವಳಲ್ಲ. ಇಂಟರ್ವೆಲ್ಲಿಗೆ ಬಾಗಿಲು ತೆರೆಯುವಾಗ ಒಂದು ತುಣುಕು, ಕೊನೆಗೆ ಇನ್ನೊಂದು ತುಣುಕು. ನಡುವಿನದ್ದೆಲ್ಲ ಕಿವಿಗೆ ಬಿದ್ದಷ್ಟೇ.

ಈ ಸಲ ಬಂದ ನಗೆ ಸಿನಿಮಾ ಮಾತ್ರ ಅವಳ ತಲೆ ಕೆಡಿಸಿತು. ಅದರಲ್ಲಿ ಮಗಳೊಬ್ಬಳು ಬೇರೆ ದೇಶದ, ಬೇರೆ ಭಾಷೆಯ ಹುಡುಗನನ್ನು ಮನೆಗೆ ಕರೆತರುತ್ತಾಳೆ. ಇಂಟರ್ವೆಲ್ಲಿಗೆ ಸರಿಯಾಗಿ ಅಪ್ಪ ಆ ಹುಡುಗನ ಬ್ಯಾಗನ್ನು ಬೀದಿಗೆ ಎಸೆಯುತ್ತಾನೆ. ಕೊನೆಗೆ ನೋಡಿದರೆ ಅದೇ ಅಪ್ಪ ಅದೇ ಹುಡುಗನ ಹೆಗಲ ಮೇಲೆ ಕೈ ಹಾಕಿ ಕುಣಿಯುತ್ತಿರುತ್ತಾನೆ. ಅದು ಹೇಗಾಯಿತು? ಬಾಗಿಲಾಚೆಯಿಂದ ಕೇಳುವುದು ಎರಡು ದೊಡ್ಡ ನಗು, ಆಮೇಲೆ ಎಷ್ಟೋ ಹೊತ್ತು ಪಿಟ್ಟೆನ್ನದ ಮೌನ, ಮತ್ತೆ ಒಂದು ನಗು. ಆಗಿರುವುದೆಲ್ಲ ಆ ಮೌನದಲ್ಲೇ ಎಂದು ಅವಳಿಗೆ ಗುಮಾನಿ.

ಅವಳಿಗೆ ಅದು ಗೊತ್ತಾಗಲೇಬೇಕಿತ್ತು. ಭಾನುವಾರ ಅವಳ ಮಗಳೂ ಅಂಥ ಒಬ್ಬ ಹುಡುಗನನ್ನೇ ಕರೆತರುವವಳಿದ್ದಳು. ಅಪ್ಪ ಒಪ್ಪದಿದ್ದರೆ ಅವನ ಊರಿಗೇ ಹೋಗುತ್ತೇನೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದಿದ್ದಳು. ಟಾರ್ಚಮ್ಮನ ಯಜಮಾನರು ದರ್ಜಿ. ಸ್ವಭಾವವೂ ಸೂಜಿಯದೇ, ಸದ್ದಿಲ್ಲದೆ ಚುಚ್ಚುವುದು. ಸುದ್ದಿ ಕೇಳಿದ ದಿನದಿಂದ ಬಾಯಿಗೆ ಬೀಗ.

ಪ್ರೊಜೆಕ್ಟರಿನವನನ್ನು ಕೇಳಿದರೆ, ತಾನು ಮೆಷೀನು ನೋಡುವವನೇ ಹೊರತು ಸಿನಿಮಾ ನೋಡುವವನಲ್ಲ ಎಂದ. ಹೊರಗೆ ಬಂದ ಜನ ನಕ್ಕು ನಕ್ಕು ಸಾಕಾಯಿತು ಎಂದರು, ಯಾಕೆಂದು ಹೇಳಲಿಲ್ಲ. ಶನಿವಾರ ಧೈರ್ಯ ಮಾಡಿ ಒಳಗೇ ನಿಂತಳು. ಮೌನ ಶುರುವಾಯಿತು ಅನ್ನುವಾಗ ಅಜ್ಜ ಒಬ್ಬರು ಬಾತ್‌ರೂಮಿಗೆ ದಾರಿ ತೋರಿಸಮ್ಮ ಎಂದು ಎದ್ದರು. ಹಣೆಬರಹ. ಟಾರ್ಚು ಹಿಡಿದು ಅವರ ಮುಂದೆ ನಡೆದಳು.

ಭಾನುವಾರ ಮಧ್ಯಾಹ್ನ ಹುಡುಗ ಕೋಟು ತೊಟ್ಟು ಬಂದ. ಬ್ಯಾಗು ಕೆಳಗಿಟ್ಟು ಕುರ್ಚಿಯ ತುದಿಯಲ್ಲಿ ಕೂತ. ಯಜಮಾನರು ಯಾರದೋ ಅಂಗಿಯ ಕಾಲರಿನಿಂದ ತಲೆ ಎತ್ತಲಿಲ್ಲ. ಮಗಳು ಅತ್ತ ನೋಡುತ್ತಾಳೆ, ಇತ್ತ ನೋಡುತ್ತಾಳೆ. ಟಾರ್ಚಮ್ಮ ಯಜಮಾನರ ಕೈಯನ್ನೇ ನೋಡುತ್ತಿದ್ದಳು. ಈ ಮನುಷ್ಯ ಬ್ಯಾಗು ಎಸೆಯುವ ಹಾಗೆ ಕಾಣುತ್ತಿಲ್ಲ. ಎಸೆಯದೆ ಕುಣಿತ ಎಲ್ಲಿಂದ ಬರಬೇಕು? ಮೆಲ್ಲಗೆ ಎದ್ದಳು, ಹುಡುಗನ ಬ್ಯಾಗನ್ನು ಎತ್ತಿದಳು, ಬಾಗಿಲಾಚೆ ಇಟ್ಟು ಬಂದಳು.

ಹುಡುಗ ಬಾಗಿಲ ಕಡೆ ನೋಡಿದ. ಎದ್ದು, ಎಲ್ಲರಿಗೂ ತಲೆ ಬಾಗಿಸಿ, ಬ್ಯಾಗು ಹೆಗಲಿಗೇರಿಸಿ ಮೆಟ್ಟಿಲು ಇಳಿದೇಬಿಟ್ಟ.

“ಅಮ್ಮ, ನೀನೂನಾ?” ಎಂದಳು ಮಗಳು.

ವಾರದಿಂದ ಬಿದ್ದಿದ್ದ ಯಜಮಾನರ ಬಾಯಿಯ ಬೀಗ ಆಗ ತೆರೆಯಿತು. “ಮನೆಗೆ ಬಂದವನನ್ನ ಹೀಗಾ ಹೊರಗೆ ಹಾಕೋದು? ನಿನಗೇನೇ ಬಂತು?”

“ನೀವು ಹಾಕ್ಲಿಲ್ವಲ್ಲ, ಅದಕ್ಕೆ” ಅಂದಳು.

ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಕೆಳಗೆ ಓಡಿದರು. ಹುಡುಗನನ್ನು ಕೋಟಿನ ತೋಳು ಹಿಡಿದು ಎಳೆದುಕೊಂಡೇ ಬಂದರು. ಬ್ಯಾಗಿನ ಪಟ್ಟಿ ಸಿಕ್ಕಿಯೋ, ಇವರು ಎಳೆದದ್ದಕ್ಕೋ, ಭುಜದ ಹೊಲಿಗೆ ಬಿಟ್ಟಿತ್ತು. ಬಿಚ್ಚು ಎಂದು ಸನ್ನೆ ಮಾಡಿ, ಕೋಟು ತೊಡೆಯ ಮೇಲೆ ಹಾಕಿಕೊಂಡು ಕೂತರು.

ದಾರ ಬಟ್ಟೆಯಲ್ಲಿ ಹಾಯುವ ಸದ್ದು ಬಿಟ್ಟರೆ ಪಿಟ್ಟೆನ್ನದ ಮೌನ. ಅಭ್ಯಾಸಬಲ, ಟಾರ್ಚಮ್ಮ ಹೊರಗೆ ಕೂರಲು ಎದ್ದು ಬಾಗಿಲಿನವರೆಗೆ ಹೋಗಿದ್ದಳು. ಚಿಲಕದ ಮೇಲೆ ಕೈ ಇಟ್ಟವಳು ನಿಂತಳು. ತಿರುಗಿ ಬಂದು ಕೂತಳು.

ಯಜಮಾನರು ದಾರ ಕಚ್ಚಿ ಕತ್ತರಿಸಿ, ಹುಡುಗನಿಗೆ ಕೋಟು ತೊಡಿಸಿ, ಒಂದು ಹೆಜ್ಜೆ ಹಿಂದೆ ನಿಂತು ನೋಡಿದರು. “ಇವನಿಗೆ ಎಡ ಭುಜ ಸ್ವಲ್ಪ ತಗ್ಗು” ಎಂದು ಮಗಳಿಗೆ ಹೇಳಿದರು. “ಮದುವೆ ಕೋಟು ಹೊಲಿಯುವಾಗ ನೆನಪು ಮಾಡು.”

ಮಗಳು ಅಳುತ್ತಾ ನಕ್ಕಳು. ಅವಳು ನಕ್ಕಳೆಂದು ಹುಡುಗನೂ ನಕ್ಕ. ಟಾರ್ಚಮ್ಮ ಈ ಸಲ ರೆಪ್ಪೆ ಬಡಿಯದೆ ಎಲ್ಲವನ್ನೂ ನೋಡಿದ್ದಳು. ಆದರೂ ಯಜಮಾನರು ಯಾವ ಹೊಲಿಗೆಯ ಹೊತ್ತಿಗೆ ಒಪ್ಪಿದರೋ, ಎಷ್ಟು ಯೋಚಿಸಿದರೂ ಅವಳಿಗೆ ಗೊತ್ತಾಗಲಿಲ್ಲ.